'ಇಲ್ಲ' ಎಂದು ಬರೆಯುವ ಮೊದಲು

ಗುಂಡ್ಲುಪೇಟೆಯಲ್ಲಿ ನಾನು ಜೀವ ವಿಮೆ ಏಜೆಂಟ್ ಆಗಿ 20 ವರ್ಷ ದಾಟಿತು. ತೆರಕಣಾಂಬಿ, ಬೇಗೂರು, ಹಂಗಳ, ಆಚೆ ಚಾಮರಾಜನಗರದವರೆಗೂ ಜಗಲಿಗಳ ಮೇಲೆ ಕೂತು ಫಾರಂ ತುಂಬಿದ್ದೇನೆ. ಪಾಲಿಸಿ ಮಾಡಿಸುವವರಿಗೂ, ಈಗಷ್ಟೇ ಏಜೆನ್ಸಿ ಪಡೆದ ಹುಡುಗ ಹುಡುಗಿಯರಿಗೂ ಈ ಆರು ಮಾತು.

1. ಆರೋಗ್ಯದ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಹೇಳಿ.
ಶುರುವಿನಲ್ಲಿ ನಾನು ಹಾಗೆ ಮಾಡುತ್ತಿರಲಿಲ್ಲ. "ಏನೂ ತೊಂದರೆ ಇಲ್ಲ ತಾನೇ ಅಣ್ಣ?" ಅನ್ನುತ್ತಿದ್ದೆ. "ಏನೂ ಇಲ್ಲ ಕಣಪ್ಪ" ಅನ್ನುತ್ತಿದ್ದರು. ಮೇಲಿಂದ ಕೆಳಗೆ ಇಲ್ಲ, ಇಲ್ಲ, ಇಲ್ಲ. ಹಾಗೆ ತುಂಬಿದ ಒಂದು ಫಾರಂ ಅರಿಶಿನ ಬೆಳೆಯುವ ರೈತರದ್ದು. ಎರಡನೇ ಕಂತು ಕಟ್ಟಿದ ಕೆಲವೇ ತಿಂಗಳಿಗೆ ಎದೆನೋವು ಬಂತು. ಮೈಸೂರಿನ ಆಸ್ಪತ್ರೆಗೆ ಸೇರಿಸುವಾಗ ಡಾಕ್ಟರು ಕೇಳಿದ್ದಕ್ಕೆ ಅವರ ತಮ್ಮ, "ಆರು ವರ್ಷದಿಂದ ಶುಗರ್ ಅದೆ ಸಾರ್, ಮಾತ್ರೆ ನುಂಗ್ತಾನೆ" ಅಂದರು. ಅಣ್ಣನ ಜೀವ ಉಳಿಸಲು ಹೇಳಿದ ಮಾತು ಅದು. ಕೇಸ್ ಶೀಟಿನ ಮೊದಲ ಪುಟದಲ್ಲಿ ದಾಖಲಾಯಿತು. ಅಣ್ಣ ಉಳಿಯಲಿಲ್ಲ.

ಪಾಲಿಸಿ ಆದ 3 ವರ್ಷದೊಳಗೆ ಸಾವಾದರೆ ಕಂಪನಿ ತನಿಖೆ ಮಾಡುತ್ತದೆ. ಕೊನೆಗೆ ನೋಡಿದ ಡಾಕ್ಟರಿಂದ, ಆಸ್ಪತ್ರೆಯಿಂದ ಸರ್ಟಿಫಿಕೇಟ್ ಕೇಳುತ್ತದೆ. ಆ ಒಂದು ಸಾಲಿನಿಂದ ಕ್ಲೈಮ್ ತಿರಸ್ಕಾರವಾಯಿತು, ಕಟ್ಟಿದ ಪ್ರೀಮಿಯಂ ಮಾತ್ರ ವಾಪಸ್ ಬಂತು. ಅವರ ಹೆಂಡತಿ ಪತ್ರವನ್ನು ನನ್ನ ಕೈಗಿಟ್ಟು, "ಏನಂತ ಬರ್ದವ್ರೆ ವಸಿ ಓದಪ್ಪ" ಅಂದರು. ಫಾರಂನ ನಕಲು ಅದಕ್ಕೇ ಪಿನ್ ಹಾಕಿತ್ತು. 'ಇಲ್ಲ' ಎಂದು ಬರೆದಿದ್ದ ಅಕ್ಷರ ನನ್ನದು. ಆ ಅಕ್ಕನ ಮುಂದೆ ನಾನು ತಲೆ ಎತ್ತಲಿಲ್ಲ.

2. 'ಕಾಯಿಲೆ ಇದೆಯಾ' ಎಂದು ಕೇಳಬೇಡಿ, 'ಮಾತ್ರೆ ಡಬ್ಬ ತನ್ನಿ' ಅನ್ನಿ.
ನಮ್ಮ ಕಡೆ ಕಾಯಿಲೆ ಅಂದರೆ ಹಾಸಿಗೆ ಹಿಡಿಯುವುದು. ಹೊಲದಲ್ಲಿ ದುಡಿಯುವ ಮನುಷ್ಯ ಬಿಪಿ, ಶುಗರನ್ನು ಕಾಯಿಲೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಬ್ಬ ಬಂದರೆ ಚೀಟಿಗಳೂ ಬರುತ್ತವೆ: ತಾಲ್ಲೂಕು ಆಸ್ಪತ್ರೆಯದು, ಕೇರಳದ ಬತ್ತೇರಿಯದು, ಮೈಸೂರಿನದು. ಹಿಂದೆ ಟಿಬಿಗೆ ಆರು ತಿಂಗಳು ಮಾತ್ರೆ ತಿಂದು ವಾಸಿಯಾಗಿದ್ದರೂ ಬರೆಯಿರಿ. ಬೀಡಿ, ಕಡ್ಡಿಪುಡಿ, ಕುಡಿತವನ್ನೂ ಬರೆಯಿರಿ. ಬೇರೆ ಪಾಲಿಸಿಗಳಿದ್ದರೆ ಅವೂ ಬರಬೇಕು. ಅದನ್ನು ಮುಚ್ಚಿಟ್ಟದ್ದಕ್ಕೇ ಕ್ಲೈಮ್ ತಿರಸ್ಕರಿಸಿದ್ದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಹೆಂಗಸರ ಫಾರಂ ತುಂಬುವಾಗ ಮನೆಮಂದಿಯೆಲ್ಲ ಸುತ್ತ ಕೂತಿರುತ್ತಾರೆ. ಗರ್ಭಕೋಶದ ಆಪರೇಷನ್, ಎದೆಯಲ್ಲಿ ಗಂಟು, ಮೂರ್ಛೆ ಇಂಥವು ಅತ್ತೆ ಮಾವಂದಿರ ಎದುರು ಬಾಯಿಗೆ ಬರುವುದಿಲ್ಲ. ನಾನು ಈಗ ಹೆಂಡತಿಯನ್ನು ಜೊತೆಗೆ ಕರೆದೊಯ್ಯುತ್ತೇನೆ. ಅವಳು ಅಡುಗೆಮನೆಯಲ್ಲಿ ಕೂತು ಮಾತಾಡಿಸುತ್ತಾಳೆ.

ನಮ್ಮ ಜಿಲ್ಲೆಯ ಸೋಲಿಗರ ಪೋಡುಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಪರೀಕ್ಷೆ ಮಾಡಿಸಿ ಕಾರ್ಡ್ ಪಡೆದವರಿದ್ದಾರೆ. ಕಾರ್ಡಿನಲ್ಲಿ 'ವಾಹಕ' ಎಂದಿದೆಯೋ 'ರೋಗಿ' ಎಂದಿದೆಯೋ ನೋಡಿ, ಇದ್ದ ಹಾಗೆಯೇ ಬರೆದು ಜೆರಾಕ್ಸ್ ಲಗತ್ತಿಸಿ. ವಾಹಕನನ್ನು ರೋಗಿ ಎಂದು ಬರೆದರೂ ಅನ್ಯಾಯವೇ.

3. "ಮೂರು ವರ್ಷ ಕಳೆದರೆ ಯಾರೂ ಕೇಳಲ್ಲ" ಎಂಬ ಮಾತನ್ನು ನೆಚ್ಚಬೇಡಿ.
ವಿಮಾ ಕಾಯ್ದೆಯ 45ನೇ ಕಲಂ 2015ರಲ್ಲಿ ತಿದ್ದುಪಡಿಯಾಗಿ, 3 ವರ್ಷದ ನಂತರ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ಎಂದಾಗಿದೆ. ನಿಜ. ಆದರೆ ಆ 3 ವರ್ಷ ಯಾವತ್ತಿನಿಂದ? ಪಾಲಿಸಿ ಮಧ್ಯೆ ನಿಂತು ಮತ್ತೆ ಚಾಲ್ತಿಗೆ ಬಂದಿದ್ದರೆ, ಚಾಲ್ತಿಗೆ ಬಂದ ದಿನದಿಂದ ಹೊಸದಾಗಿ ಎಣಿಕೆ.

ಗುಂಡ್ಲುಪೇಟೆಯಲ್ಲಿ ಇದೇ ದೊಡ್ಡ ಅಪಾಯ. ನಮ್ಮ ದುಡ್ಡು ಅರಿಶಿನ, ಸಾಂಬಾರ್ ಈರುಳ್ಳಿ, ಚೆಂಡುಹೂವಿನ ಜೊತೆ ಬರುತ್ತದೆ. ಬೆಲೆ ಬಿದ್ದ ವರ್ಷ ಕಂತು ತಪ್ಪುತ್ತದೆ. ವಾರ್ಷಿಕ ಕಂತಿಗೆ ಇರುವ 30 ದಿನದ ರಿಯಾಯಿತಿಯೂ ಕಳೆದರೆ ಪಾಲಿಸಿ ಲ್ಯಾಪ್ಸ್. ಮುಂದಿನ ಬೆಳೆ ಕೈಗೆ ಬಂದಾಗ ಬಡ್ಡಿ ಸಮೇತ ಕಟ್ಟಿ, ಆರೋಗ್ಯ ಘೋಷಣೆಗೆ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಎಂಟು ವರ್ಷ ಕಟ್ಟಿದ ಪಾಲಿಸಿಯೂ ಹೀಗೆ ಮತ್ತೆ ಮೊದಲನೇ ವರ್ಷಕ್ಕೆ ಬಂದು ನಿಲ್ಲುತ್ತದೆ. ನಡುವೆ ಶುಗರ್ ಬಂದಿದ್ದರೆ ಆ ಘೋಷಣೆಯಲ್ಲೂ ಬರೆಯಲೇಬೇಕು. ಕಂತಿನ ತಿಂಗಳನ್ನೇ ಬೆಳೆ ಮಾರುವ ತಿಂಗಳಿಗೆ ಹೊಂದಿಸುವುದು ಇನ್ನೂ ಒಳ್ಳೆಯದು.

4. ಹೇಳಿದರೆ ಪಾಲಿಸಿಯೇ ಸಿಗುವುದಿಲ್ಲ ಎಂಬ ಭಯ ಬಹುಪಾಲು ಸುಳ್ಳು.
ರಕ್ತ ಪರೀಕ್ಷೆ, ಇಸಿಜಿ ಮಾಡಿಸುತ್ತಾರೆ. ಪ್ರೀಮಿಯಂ ಸ್ವಲ್ಪ ಹೆಚ್ಚಾಗಬಹುದು, ಇಲ್ಲವೇ ಮೊತ್ತ ತಗ್ಗಬಹುದು. ಕೆಲವರಿಗೆ ಸಿಗದೆಯೂ ಹೋಗುತ್ತದೆ. ಅಂಥವರು 18ರಿಂದ 50 ವಯಸ್ಸಿನವರಾದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ ಬ್ಯಾಂಕಿನಲ್ಲಿ ಸೇರಲಿ. ವರ್ಷಕ್ಕೆ 436 ರೂಪಾಯಿ, ಮೊತ್ತ 2 ಲಕ್ಷ, ವೈದ್ಯಕೀಯ ಪರೀಕ್ಷೆ ಇಲ್ಲ. ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಹಣ.

5. ಬಾಂಡ್ ಬಂದ ದಿನವೇ ಫಾರಂ ಪ್ರತಿ ಓದಿಸಿಕೊಳ್ಳಿ.
ಕನ್ನಡದಲ್ಲಿ ಸಹಿ ಹಾಕಿದವರಿಗೂ ಹೆಬ್ಬೆಟ್ಟು ಒತ್ತಿದವರಿಗೂ ಪ್ರಶ್ನೆಗಳನ್ನು ವಿವರಿಸಿ ಹೇಳಿದ್ದೇವೆ ಎಂಬ ಘೋಷಣೆ ಫಾರಂನಲ್ಲಿದೆ. ವಿವರಿಸದೆ ಅಲ್ಲಿ ಸಹಿ ಮಾಡುವುದು ದ್ರೋಹ. ಪಾಲಿಸಿ ಇಷ್ಟವಾಗದಿದ್ದರೆ ಕೈಸೇರಿದ 30 ದಿನದೊಳಗೆ ಹಿಂತಿರುಗಿಸಬಹುದು.

6. ತಿರಸ್ಕಾರದ ಪತ್ರ ಬಂದರೆ ಸುಮ್ಮನಾಗಬೇಡಿ.
ಸುಳ್ಳು ಹೇಳಿದ್ದರೆಂದು ಸಾಬೀತು ಮಾಡುವ ಹೊಣೆ ವಿಮಾ ನಿಗಮದ್ದು ಎಂದು, ಕರ್ನಾಟಕದಿಂದಲೇ ಹೋದ ಚನ್ನಬಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಈಗಿನ 45ನೇ ಕಲಂ ಪ್ರಕಾರ, ಪಾಲಿಸಿದಾರ ತೀರಿಹೋಗಿದ್ದರೆ ವಂಚನೆಯ ಆರೋಪವನ್ನು ಅಲ್ಲಗಳೆಯುವ ಹೊಣೆ ಹಣ ಪಡೆಯಬೇಕಾದವರ ಮೇಲಿದೆ. ವಂಚನೆ ಅಲ್ಲ, ತಪ್ಪು ಮಾಹಿತಿ ಮಾತ್ರ ಎಂದಾದರೆ ಪ್ರೀಮಿಯಂ 90 ದಿನದೊಳಗೆ ವಾಪಸ್ ಬರಬೇಕು. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ನಿಮ್ಮ ಬೀರುವಿನಲ್ಲಿರುವ ಬಾಂಡನ್ನು ಇವತ್ತು ರಾತ್ರಿ ತೆಗೆಯಿರಿ, ಓದು ಬಲ್ಲ ಮಗನಿಗೋ ಮಗಳಿಗೋ ಕೊಟ್ಟು ಆರೋಗ್ಯದ ಕಾಲಂ ಓದಿಸಿ. ತಪ್ಪಿದ್ದರೆ ನಾಳೆಯೇ ಬ್ರಾಂಚಿಗೆ ಬರೆದುಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.