ಎಚ್.ಐ.ವಿ. ಸೋಂಕಿನ ವಿಷಯವಾಗಿ ಸಭೆಯವರು ತಿಳಿಯತಕ್ಕದ್ದು



ನಮ್ಮ ಕರಾವಳಿಯ ಒಂದು ಚಿಕ್ಕ ಸಭೆಯಲ್ಲಿ ಕರ್ತನ ಭೋಜನವು ನಡೆಯುವಾಗಲೆಲ್ಲಾ ಒಬ್ಬ ವಿಧವೆಯು ಸಾಲಿನ ಕಟ್ಟಕಡೆಯಲ್ಲಿ ನಿಲ್ಲುತ್ತಿದ್ದಳು. ಪಾತ್ರೆಯ ಬಳಿಯಲ್ಲಿ ಬಟ್ಟೆಯನ್ನು ಹಿಡಿದು ನಿಲ್ಲುವ ನಾವು ಇದನ್ನು ಅನೇಕ ಸಾರಿ ಕಂಡು, ಇದು ಆಕೆಯ ದೀನಭಾವವೆಂದು ನೆನಸಿ ಸಂತೋಷಪಟ್ಟೆವು. ಒಂದು ದಿನ ಮನೆಭೇಟಿಗೆ ಹೋದಾಗ ಆಕೆಯು ಕಾರಣವನ್ನು ಹೇಳಿದಳು. ಪರವೂರುಗಳ ಮೀನುದೋಣಿಗಳಲ್ಲಿ ದುಡಿಯುತ್ತಿದ್ದ ಆಕೆಯ ಗಂಡನು ಏಡ್ಸ್ ರೋಗದಿಂದ ತೀರಿಕೊಂಡಿದ್ದನು. ಅದರ ರೋಗಾಣುವು ಆಕೆಯ ರಕ್ತದಲ್ಲಿಯೂ ಉಂಟು. "ನನ್ನ ತುಟಿ ತಗಲಿದ ಪಾತ್ರೆಯಿಂದ ಇನ್ನೊಬ್ಬರು ಕುಡಿಯಬಾರದೆಂದು ಕೊನೆಗೆ ಬರುತ್ತೇನೆ" ಅಂದಳು. ಸೆಮಿನರಿಯಲ್ಲಿ ಓದಿ ಬಂದ ನಮಗೆ ಆ ಮಾತಿಗೆ ಕೊಡತಕ್ಕ ಉತ್ತರವು ತಿಳಿಯದೆ, ಸುಮ್ಮನೆ ಎದ್ದು ಬಂದೆವು. ಆ ನಾಚಿಕೆಯ ನಿಮಿತ್ತ ವೈದ್ಯರಿಂದ ಕೇಳಿ ಕಲಿತದ್ದನ್ನು, ಆಕೆಯ ಅಪ್ಪಣೆಯಿಂದ, ಹೆಸರೂ ಊರೂ ಹೇಳದೆ ಇಲ್ಲಿ ಬರೆಯುತ್ತೇವೆ.

೧. ಇದು ಎಂಥಾದ್ದು?

ಎಚ್.ಐ.ವಿ. ಎಂಬದು ಕಣ್ಣಿಗೆ ಕಾಣದ ಒಂದು ರೋಗಾಣು. ನಮ್ಮ ದೇಶದಲ್ಲಿ ಇದು ಮೊದಲು ಗೊತ್ತಾದದ್ದು ೧೯೮೬ರಲ್ಲಿ, ಮದ್ರಾಸಿನಲ್ಲಿ. ೨೦೨೧ರ ಅಂದಾಜಿನಂತೆ ಭಾರತದಲ್ಲಿ ಸುಮಾರು ೨೪ ಲಕ್ಷ ಮಂದಿ ಈ ಸೋಂಕುಳ್ಳವರಾಗಿ ಜೀವಿಸುತ್ತಿದ್ದರು. ದೇಹವನ್ನು ಕಾಯುವ ಬಿಳಿ ರಕ್ತಕಣಗಳನ್ನು ಈ ರೋಗಾಣುವು ಮೆಲ್ಲಮೆಲ್ಲನೆ ಕೆಡಿಸುತ್ತದೆ. ಕಾವಲುಗಾರರಿಲ್ಲದ ತೋಟಕ್ಕೆ ದನ ನುಗ್ಗುವ ಹಾಗೆ, ಆ ಮೇಲೆ ಕ್ಷಯವೇ ಮೊದಲಾದ ರೋಗಗಳು ನುಗ್ಗುತ್ತವೆ; ಆ ಕಡೆಯ ಸ್ಥಿತಿಗೆ ಏಡ್ಸ್ ಎಂದು ಹೆಸರು. ಔಷಧವಿಲ್ಲದಿದ್ದರೂ ಅನೇಕರು ಎಂಟು ಹತ್ತು ವರುಷಗಳ ತನಕ ಸೌಖ್ಯವಾಗಿಯೇ ಕಾಣುತ್ತಾರೆ. ಆದದರಿಂದ ಮುಖವನ್ನು ನೋಡಿ ಯಾರೂ ಇದನ್ನು ಹೇಳಲಾರರು, ರಕ್ತಪರೀಕ್ಷೆಯೊಂದೇ ಹೇಳಬಲ್ಲದು.

೨. ಹೇಗೆ ಹತ್ತುತ್ತದೆ? ಹೇಗೆ ಹತ್ತುವದಿಲ್ಲ?

ಹತ್ತುವ ದಾರಿಗಳು ಕೆಲವೇ: ಸೋಂಕುಳ್ಳವರ ಸಂಗಡ ರಕ್ಷಣೆಯಿಲ್ಲದ ಶರೀರಸಂಬಂಧ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಮತ್ತೊಬ್ಬರಿಗೆ ಚುಚ್ಚುವದು, ಪರೀಕ್ಷಿಸದ ರಕ್ತವನ್ನು ಏರಿಸುವದು, ತಾಯಿಯಿಂದ ಕೂಸಿಗೆ ಗರ್ಭದಲ್ಲಾಗಲಿ ಹೆರಿಗೆಯಲ್ಲಾಗಲಿ ಮೊಲೆಹಾಲಿನಲ್ಲಾಗಲಿ ದಾಟುವದು.

ಕೈ ಹಿಡಿಯುವದರಿಂದಲೂ, ಒಂದೇ ಬಟ್ಟಲಲ್ಲಿ ಉಣ್ಣುವದರಿಂದಲೂ, ಒಂದೇ ಬಾವಿಯ ನೀರಿನಿಂದಲೂ, ಕೆಮ್ಮಿನಿಂದಲೂ, ಸೊಳ್ಳೆಯ ಕಡಿತದಿಂದಲೂ ಇದು ಹತ್ತುವದಿಲ್ಲ. ಎಂಜಲಿನಿಂದ ಹತ್ತುವದಿಲ್ಲ. ಹೀಗಿರಲಾಗಿ ಕರ್ತನ ಭೋಜನದ ಪಾತ್ರೆಯಿಂದಲೂ ಹತ್ತುವದಿಲ್ಲ. ಇದೇ ನಾವು ಆ ದಿನ ಆ ತಾಯಿಗೆ ಹೇಳಬೇಕಾಗಿದ್ದ ಉತ್ತರ.

೩. ತಡೆಯುವ ಬಗೆ

ಭಟ್ಕಳದಿಂದ ಪರದೇಶಕ್ಕೆ ದುಡಿಯಲು ಹೋದವರೂ, ಹೊನ್ನಾವರ ಕುಮಟೆಗಳಿಂದ ದೋಣಿಗಳ ಸಂಗಡ ಬೇರೆ ಬಂದರುಗಳಿಗೆ ಹೋಗುವವರೂ, ೬೬ನೇ ಹೆದ್ದಾರಿಯಲ್ಲಿ ಲಾರಿ ನಡಿಸುವವರೂ ತಿಂಗಳುಗಟ್ಟಲೆ ಮನೆಯನ್ನು ಅಗಲಿರುತ್ತಾರೆ. ಅವರನ್ನು ಸಂಶಯದಿಂದ ನೋಡಬೇಕೆಂದು ನಾವು ಹೇಳುವದಿಲ್ಲ. ಮನೆಯ ಹೊಸ್ತಿಲು ದಾಟದ ನಂಬಿಗಸ್ತ ಹೆಂಡತಿಗೂ ಈ ಸೋಂಕು ತಗಲುವದುಂಟು. ಆದದರಿಂದ ಇದನ್ನು ಪಾಪಿಯ ಗುರುತೆಂದು ಎಣಿಸುವವನು ನಿರಪರಾಧಿಗಳ ಮೇಲೆ ಕಲ್ಲೆಸೆಯುತ್ತಾನೆ.

ಗಂಡಹೆಂಡರು ಒಬ್ಬರಿಗೊಬ್ಬರು ನಂಬಿಗಸ್ತರಾಗಿರುವದು ಒಳ್ಳೇದು. ಆದಾಗ್ಯೂ ಇಬ್ಬರ ರಕ್ತದ ಸ್ಥಿತಿಯೂ ತಿಳಿದಿರಬೇಕು. ಸಂಶಯವಿದ್ದಲ್ಲಿ ನಿರೋಧನ್ನು ತಪ್ಪದೆ ಉಪಯೋಗಿಸತಕ್ಕದ್ದು. ಹೀಗೆ ಬರೆಯಲು ನಾವು ನಾಚುವದಿಲ್ಲ, ಯಾಕಂದರೆ ನಾಚಿಕೆಯಿಂದ ಸುಮ್ಮನಿದ್ದದ್ದೇ ಅನೇಕ ಮನೆಗಳನ್ನು ಹಾಳುಮಾಡಿತು. ಚುಚ್ಚುಮದ್ದಿಗೆ ಪ್ರತಿಸಾರಿಯೂ ಹೊಸ ಸೂಜಿಯನ್ನು ಕೇಳಿರಿ. ಅಪಾಯಕ್ಕೆ ಒಳಗಾದೆನೆಂದು ಯಾರಿಗಾದರೂ ತೋಚಿದರೆ ೭೨ ತಾಸುಗಳೊಳಗೆ ವೈದ್ಯರ ಬಳಿಗೆ ಓಡಬೇಕು; ೨೮ ದಿವಸ ಔಷಧವನ್ನು ತೆಗೆದುಕೊಂಡರೆ ಸೋಂಕನ್ನು ತಡೆಯಬಹುದು.

೪. ಪರೀಕ್ಷೆಗೆ ಅಂಜಬೇಡಿರಿ

ಸರಕಾರಿ ಆಸ್ಪತ್ರೆಗಳಲ್ಲಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳು ಉಂಟು. ಅಲ್ಲಿ ಹಣವನ್ನು ಕೇಳುವದಿಲ್ಲ. ಪರೀಕ್ಷೆಗೆ ಮೊದಲೂ ತರುವಾಯವೂ ಒಬ್ಬರು ಏಕಾಂತದಲ್ಲಿ ಕೂತು ಎಲ್ಲವನ್ನೂ ತಿಳಿಯಹೇಳುತ್ತಾರೆ. ಸೋಂಕು ಉಂಟೆಂದು ಒಂದೇ ಪರೀಕ್ಷೆಯಿಂದ ಹೇಳುವದಿಲ್ಲ. ಮೂರು ಬೇರೆ ಬೇರೆ ವಿಧದಲ್ಲಿ ನೋಡಿ ನಿಶ್ಚಯಿಸುತ್ತಾರೆ. ಸೋಂಕು ತಗಲಿದ ಹೊಸದರಲ್ಲಿ ಪರೀಕ್ಷೆಗೆ ಅದು ಸಿಕ್ಕದಿರಬಹುದು. ಆದದರಿಂದ ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ನೋಡಿಸಬೇಕು. ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳು ದಡದಲ್ಲಿರುವಾಗ ಗಂಡಹೆಂಡರು ಕೂಡಿ ಹೋಗುವದಕ್ಕೆ ಒಳ್ಳೇ ಸಮಯವುಂಟು. ಹೋಗಲು ಧೈರ್ಯ ಸಾಲದವರು ಮೊದಲು ೧೦೯೭ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕೇಳಬಹುದು, ಅದಕ್ಕೂ ಖರ್ಚಿಲ್ಲ.

ಗರ್ಭಿಣಿಯರೆಲ್ಲರೂ ಮೊದಲ ತಿಂಗಳುಗಳಲ್ಲಿಯೇ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಔಷಧವಿಲ್ಲದಿದ್ದರೆ ಸೋಂಕುಳ್ಳ ತಾಯಂದಿರ ನೂರು ಕೂಸುಗಳಲ್ಲಿ ೧೫ ರಿಂದ ೪೫ ಕೂಸುಗಳಿಗೆ ಇದು ದಾಟುತ್ತದೆ. ತಾಯಿಗೂ ಕೂಸಿಗೂ ತಕ್ಕ ಔಷಧವನ್ನು ಕೊಟ್ಟರೆ ೫ಕ್ಕಿಂತಲೂ ಕಡಿಮೆ.

೫. ಔಷಧವೂ ಪ್ರಾರ್ಥನೆಯೂ

ಈ ರೋಗಾಣುವನ್ನು ದೇಹದಿಂದ ಪೂರ್ಣವಾಗಿ ತೆಗೆದುಹಾಕುವ ಮಾತ್ರೆ ಇನ್ನೂ ಇಲ್ಲ. ಅದನ್ನು ಕಟ್ಟಿಹಾಕುವ ಮಾತ್ರೆ ಉಂಟು. ೨೦೦೪ನೇ ಏಪ್ರಿಲಿನಿಂದ ಸರಕಾರವು ಇದನ್ನು ಧರ್ಮಾರ್ಥವಾಗಿ ಕೊಡತೊಡಗಿತು. ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ೨೦೧೭ರಿಂದ ಸೋಂಕು ತಿಳಿದವರಿಗೆಲ್ಲಾ, ದೇಹ ಕುಗ್ಗುವ ತನಕ ಕಾಯದೆ, ಕೂಡಲೇ ಕೊಡುವ ಕ್ರಮವಾಯಿತು. ನಮ್ಮ ಜಿಲ್ಲೆಯವರಿಗೆ ಕಾರವಾರದಲ್ಲಿ ಚಿಕಿತ್ಸಾ ಕೇಂದ್ರವುಂಟು. ಪ್ರತಿದಿನವೂ ಅದೇ ಹೊತ್ತಿಗೆ, ಜೀವಮಾನವೆಲ್ಲಾ ಮಾತ್ರೆ ನುಂಗತಕ್ಕದ್ದು. ಹೀಗೆ ಮಾಡಿದವರು ಕೂಲಿನಾಲಿ ಮಾಡಿ, ಮಕ್ಕಳನ್ನು ಬೆಳಿಸಿ, ಮುಪ್ಪಿನ ತನಕ ಬಾಳಬಹುದು. ರಕ್ತದಲ್ಲಿ ರೋಗಾಣುವು ಪರೀಕ್ಷೆಗೆ ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಶರೀರಸಂಬಂಧದಿಂದ ಇನ್ನೊಬ್ಬರಿಗೆ ದಾಟುವದಿಲ್ಲವೆಂದು ವೈದ್ಯರು ನಿಶ್ಚಯಪಡಿಸಿದ್ದಾರೆ.

"ಪ್ರಾರ್ಥನೆಯಿಂದ ವಾಸಿಯಾಯಿತು, ಇನ್ನು ಮಾತ್ರೆ ಬೇಡ" ಎಂದು ಹೇಳುವವರ ವಿಷಯವಾಗಿಯೂ, ಬೇರುಗಳಿಂದ ವಾಸಿಮಾಡುತ್ತೇನೆಂದು ಹಣ ಕೀಳುವವರ ವಿಷಯವಾಗಿಯೂ ಎಚ್ಚರವಾಗಿರ್ರಿ. ಮಾತ್ರೆಯನ್ನು ಬಿಟ್ಟರೆ ರೋಗಾಣುವು ತಿರಿಗಿ ಹೆಚ್ಚುತ್ತದೆ. ಬಿಟ್ಟು ಬಿಟ್ಟು ತೆಗೆದುಕೊಂಡರೆ ಅದೇ ಮಾತ್ರೆಯು ಆ ಮೇಲೆ ಕೆಲಸ ಮಾಡದೆ ಹೋಗಬಹುದು. ಪ್ರಾರ್ಥಿಸಿರಿ, ಪ್ರಾರ್ಥಿಸಿ ಮಾತ್ರೆಯನ್ನು ನುಂಗಿರಿ.

೬. ಸಭೆಯ ಕರ್ತವ್ಯ

೨೦೧೭ರಲ್ಲಿ ಮಾಡಲ್ಪಟ್ಟು ೨೦೧೮ನೇ ಸಪ್ಟಂಬರ ೧೦ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಸೋಂಕುಳ್ಳವರನ್ನು ಕೆಲಸದಿಂದಲೂ ಶಾಲೆಯಿಂದಲೂ ಆಸ್ಪತ್ರೆಯಿಂದಲೂ ಬಾಡಿಗೆಮನೆಯಿಂದಲೂ ಆ ಕಾರಣಕ್ಕಾಗಿ ಹೊರಗೆ ಹಾಕಕೂಡದು, ಒಪ್ಪಿಗೆಯಿಲ್ಲದೆ ಪರೀಕ್ಷಿಸಕೂಡದು, ಅವರ ಗುಟ್ಟನ್ನು ಬೈಲುಮಾಡಕೂಡದು. ಕಾಯಿದೆಯು ಬಾಗಲನ್ನು ತೆರೆಯಬಲ್ಲದು. ಒಳಗೆ ಕರೆದು ಮಣೆ ಹಾಕತಕ್ಕವರು ನಾವೇ. ಯಾರಾದರೂ ಉಪದೇಶಿಗೆ ಇಲ್ಲವೆ ಸಭಾಹಿರಿಯರಿಗೆ ಹೇಳಿಕೊಂಡರೆ ಆ ಮಾತು ಅಲ್ಲಿಯೇ ನಿಲ್ಲಬೇಕು. ಪ್ರಾರ್ಥನಾಕೂಟದಲ್ಲಿ ಹೆಸರು ಹೇಳಿ ಪ್ರಾರ್ಥಿಸುವದೂ ಚಾಡಿಯಾಗಬಹುದೆಂದು ತಿಳಿಯಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(೧) ಸೋಂಕು ಹತ್ತುವ ದಾರಿಗಳು ಯಾವವು? ಹತ್ತದ ದಾರಿಗಳು ಯಾವವು?
(೨) ಗರ್ಭಿಣಿಯು ಯಾಕೆ ಬೇಗನೆ ಪರೀಕ್ಷೆ ಮಾಡಿಸಿಕೊಳ್ಳಬೇಕು?
(೩) ಸೌಖ್ಯವಾದೆನೆಂದು ಮಾತ್ರೆ ಬಿಟ್ಟವನಿಗೆ ಏನಾಗುವದು?
(೪) ನಮ್ಮ ಸಭೆಯಲ್ಲಿ ಇಂಥವರು ಒಬ್ಬರಿದ್ದರೆ, ಅವರು ನಮ್ಮೊಡನೆ ಮಾತಾಡಲು ಧೈರ್ಯಪಡುವರೋ? ಇಲ್ಲವಾದರೆ ಯಾಕೆ?

ಕಡೆಯ ಮಾತು. ಕಲಿತ ಮೇಲೆ ನಾವು ತಿರಿಗಿ ಆ ತಾಯಿಯ ಮನೆಗೆ ಹೋಗಿ, ಆಕೆ ಕೊಟ್ಟ ಚಹವನ್ನು ಕುಡಿದು, ಪಾತ್ರೆಯ ವಿಷಯವನ್ನು ತಿಳಿಸಿದೆವು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ಭೋಜನದ ದಿನ ಆಕೆಯು ಸಾಲಿನ ನಡುವೆ ನಿಂತಳು. ಆಕೆಯ ಹಿಂದೆ ಬಂದವರಿಗೆ ಏನೂ ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.