ಅನಾನಸಿನ ಮಾರಾಟ: ಸೊರಬ, ಶಿಕಾರಿಪುರ ತಾಲ್ಲೂಕುಗಳ ಬೆಳೆಗಾರರಿಗೆ ತಿಳಿವಳಿಕೆ

ಸೊರಬ ತಾಲ್ಲೂಕಿನಲ್ಲಿಯೂ ಅದಕ್ಕೆ ಹೊಂದಿಕೊಂಡಿರುವ ಬನವಾಸಿ ಸೀಮೆಯಲ್ಲಿಯೂ ಅನಾನಸು ಮುಖ್ಯವಾದ ಹಣ್ಣಿನ ಬೆಳೆಯಾಗಿರುವುದು. ಇಲ್ಲಿಯ ಹಣ್ಣು ಲಾರಿಗಳಲ್ಲಿ ದೆಹಲಿ ಮೊದಲಾದ ಉತ್ತರದ ಪೇಟೆಗಳವರೆಗೂ ಹೋಗುವುದುಂಟು. 2020ನೆಯ ಇಸವಿಯಲ್ಲಿ ಕೊರೋನಾ ಜಾಡ್ಯದ ನಿಮಿತ್ತ ಸಂಚಾರವು ನಿಂತಾಗ, ಮಾಗಿದ ಹಣ್ಣು ತೋಟಗಳಲ್ಲಿಯೇ ಕೊಳೆತುದನ್ನು ಬೆಳೆಗಾರರು ಕಣ್ಣಾರೆ ಕಂಡಿದ್ದಾರೆ. ಬೆಳೆಯುವುದರಲ್ಲಿ ಎಷ್ಟು ಶ್ರದ್ಧೆ ವಹಿಸುತ್ತೇವೆಯೋ ಮಾರುವುದರಲ್ಲಿಯೂ ಅಷ್ಟೇ ಶ್ರದ್ಧೆ ವಹಿಸಬೇಕೆಂಬುದು ಇದರಿಂದ ವಿಶದವಾಗುವುದು. ಶಿಕಾರಿಪುರದ ಕಡೆ ಬಾಳೆ, ಕಾಯಿಪಲ್ಯ ಬೆಳೆಯುವವರಿಗೂ ಈ ಮಾತು ಅನ್ವಯಿಸುತ್ತದೆ.

1. ಫಸಲನ್ನು ಹಂಚಿ ಬರಿಸುವುದು.— ಎಲ್ಲರ ಹಣ್ಣೂ ಏಕಕಾಲದಲ್ಲಿ ಪೇಟೆಗೆ ಬಂದರೆ ಧಾರಣೆ ಕುಸಿಯುವುದು ಸಹಜ. ಗಿಡಕ್ಕೆ 35ರಿಂದ 40 ಎಲೆಗಳಾದಾಗ, ಹತ್ತು ಲಕ್ಷ ಭಾಗ ನೀರಿಗೆ 25 ಭಾಗ ಎಥೆಫಾನ್, ಶೇಕಡ 2 ಯೂರಿಯಾ, ಶೇಕಡ 0.04 ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ ದ್ರಾವಣವನ್ನು ಗಿಡವೊಂದಕ್ಕೆ 50 ಮಿಲಿಲೀಟರಿನಂತೆ ಸುಳಿಗೆ ಹೊಯ್ದರೆ, ಸುಮಾರು ನಲವತ್ತು ದಿನಗಳಲ್ಲಿ ಹೂ ಕಾಣಿಸುವುದು. ತೋಟವನ್ನು ನಾಲ್ಕಾರು ಪಟ್ಟಿಗಳಾಗಿ ವಿಂಗಡಿಸಿ, ಪಟ್ಟಿಪಟ್ಟಿಗೂ ಬೇರೆ ಬೇರೆ ದಿನಗಳಲ್ಲಿ ಹೊಯ್ದಲ್ಲಿ ಕೊಯ್ಲೂ ಹಂತಹಂತವಾಗಿ ಬರುವುದು.

2. ಕೊಯ್ಲು ಮತ್ತು ವಿಂಗಡಣೆ.— ಅನಾನಸು ಕೊಯ್ದ ಮೇಲೆ ಸಿಹಿಯಾಗತಕ್ಕ ಹಣ್ಣಲ್ಲ. ಆದಕಾರಣ ಎಳೆಯದನ್ನು ಎಂದಿಗೂ ಕೊಯ್ಯಕೂಡದು. ದೂರದ ಪೇಟೆಗೆ, ಬುಡದ ಕಣ್ಣುಗಳು ಹಳದಿಗೆ ತಿರುಗಲಾರಂಭಿಸಿದ ಹಣ್ಣು ತಕ್ಕುದು. ಹತ್ತಿರದ ಸಂತೆಗೆ ಹೆಚ್ಚು ಮಾಗಿದುದನ್ನು ಒಯ್ಯಬಹುದು. ತೊಟ್ಟನ್ನು ಎರಡು ಅಂಗುಲ ಬಿಟ್ಟು, ಹರಿತವಾದ ಕತ್ತಿಯಿಂದ ಕೊಯ್ದು, ಕೂಡಲೇ ನೆರಳಿಗೆ ಸೇರಿಸಬೇಕು. ಜಜ್ಜಿದ ಹಣ್ಣನ್ನು ಬೇರ್ಪಡಿಸಿ, ಉಳಿದುದನ್ನು ಗಾತ್ರದಂತೆ ಮೂರು ತರವಾಗಿ ವಿಂಗಡಿಸಿ, ನಡುವೆ ಒಣಹುಲ್ಲನ್ನಿಟ್ಟು ತುಂಬತಕ್ಕದ್ದು. ಮೇಲೆ ದಪ್ಪ ಹಣ್ಣು, ಅಡಿಯಲ್ಲಿ ಸಣ್ಣದು ಎಂಬ ಪದ್ಧತಿಯಿಂದ ಒಂದು ಸಲ ಲಾಭ ದೊರೆತೀತು. ಆದರೆ ಊರಿನ ಹೆಸರು ಕೆಡುವುದು.

3. ಲೆಕ್ಕ ನೋಡಿ ಮಾರುವುದು.— ಲೆಕ್ಕದ ಕ್ರಮ ತಿಳಿಯಲೆಂದು ಕಲ್ಪಿತ ಅಂಕಿಗಳನ್ನು ಕೊಟ್ಟಿದೆ. ವ್ಯಾಪಾರಿಯು ತೋಟದಲ್ಲಿಯೇ ಕಿಲೋ ಒಂದಕ್ಕೆ 14 ರೂಪಾಯಿ ಕೊಡುವನು. ಪಟ್ಟಣದ ಧಾರಣೆ 22 ರೂಪಾಯಿ ಇದೆಯೆನ್ನಿ. 1,000 ಕಿಲೋ ಕಳುಹಿಸಿ, ಶೇಕಡ 10 ಹಾಳಾದರೆ, 900 ಕಿಲೋವಿಗೆ 19,800 ರೂಪಾಯಿ ಬರುವುದು. ಕೊಯ್ಲು, ತುಂಬುವಿಕೆಗೆ 1,200, ಲಾರಿ ಬಾಡಿಗೆಗೆ 3,000, ಇಳಿಸುವ ಕೂಲಿ ಇತ್ಯಾದಿಗೆ 600, ಒಟ್ಟು 4,800 ಕಳೆದರೆ ಉಳಿಯುವುದು 15,000. ತೋಟದಲ್ಲಿ ಮಾರಿದ್ದರೆ 14,000 ಬರುತ್ತಿತ್ತು. ಶೇಕಡ 20 ಹಾಳಾದಲ್ಲಿಯೋ, ಕೈಗೆ ಬರುವುದು 12,800 ಮಾತ್ರ. ಪೇಟೆಯ ಧಾರಣೆಯೊಂದನ್ನೇ ಕೇಳಿ ಮರುಳಾಗಬಾರದು. ಹಾಳಾಗುವ ಭಾಗವೇ ಲಾಭನಷ್ಟಗಳನ್ನು ನಿರ್ಣಯಿಸುವುದು.

4. ಮುಂಗಡ ಮತ್ತು ತೂಕ.— ಹೂ ಬಿಡುವ ಮೊದಲೇ ಮುಂಗಡ ಪಡೆದವನಿಗೆ ಕೊಯ್ಲಿನ ದಿನ ಧಾರಣೆ ಕೇಳುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಹಣದ ಅಗತ್ಯವಿದ್ದವರು ಸಹಕಾರ ಸಂಘದ ಸಾಲವನ್ನು ಮೊದಲು ವಿಚಾರಿಸುವುದು ಲೇಸು. ತೂಕವನ್ನು ಎದುರಿಗೆ ಮಾಡಿಸಿ, ತೂಕ, ದರ, ವಜಾ ಮಾಡಿದ ಬಾಬುಗಳು ಇವೆಲ್ಲವನ್ನೂ ಬರೆದ ಚೀಟಿಯನ್ನು ಕೇಳಿ ಪಡೆಯಬೇಕು. ಯಾವ ವಜಾ ನ್ಯಾಯವಾದುದೆಂಬ ಸಂಶಯ ಬಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಯವರನ್ನು ವಿಚಾರಿಸತಕ್ಕದ್ದು.

5. ಒಟ್ಟುಗೂಡುವುದು.— ಒಬ್ಬನ ಹಣ್ಣಿನಿಂದ ಲಾರಿ ತುಂಬದು. ಹತ್ತು ಮಂದಿ ಸೇರಿದರೆ ತುಂಬುವುದು, ಬಾಡಿಗೆಯೂ ತಗ್ಗುವುದು. ನೆರೆಯ ಶಿರಸಿಯಲ್ಲಿ ತೋಟಗಾರರು 1923ರಲ್ಲಿಯೇ ಮಾರಾಟದ ಸಹಕಾರ ಸಂಘವನ್ನು ಕಟ್ಟಿದರು. ನಮ್ಮ ಶಿವಮೊಗ್ಗ ಸೀಮೆಯ ಅಡಕೆ ಬೆಳೆಗಾರರಿಗೆ ಮ್ಯಾಮ್‌ಕೋಸ್ ಸಂಘವು 1939ರಿಂದ ಆಸರೆಯಾಗಿದೆ. ಅಡಕೆಯನ್ನಾದರೂ ಧಾರಣೆ ಬರುವವರೆಗೆ ಇಟ್ಟುಕೊಳ್ಳಬಹುದು, ಅನಾನಸು ಕಾಯುವುದಿಲ್ಲ. ಆದ್ದರಿಂದ ಹಣ್ಣು ಬೆಳೆಯುವವರಿಗೆ ಒಗ್ಗಟ್ಟಿನ ಅಗತ್ಯ ಇನ್ನೂ ಹೆಚ್ಚು. ಹತ್ತು ಮಂದಿ ಬೆಳೆಗಾರರು ಕೂಡಿ ಉತ್ಪಾದಕರ ಕಂಪನಿಯನ್ನು ಸ್ಥಾಪಿಸುವುದಕ್ಕೂ ಈಗ ಕಾನೂನಿನಲ್ಲಿ ಅವಕಾಶವಿದೆ.

ಗ್ರಾಮದ ಮುಖಂಡರು ಮುಂದಿನ ಕೊಯ್ಲಿಗೆ ಮುಂಚಿತವಾಗಿಯೇ ಬೆಳೆಗಾರರನ್ನು ಒಂದೆಡೆ ಕೂಡಿಸಿ, ಯಾರ ತೋಟದಲ್ಲಿ ಯಾವ ತಿಂಗಳು ಎಷ್ಟು ಹಣ್ಣು ಬರುವುದೆಂಬ ಪಟ್ಟಿಯನ್ನು ಬರೆಯಿಸಬೇಕು. ಪಟ್ಟಿ ಕೈಯಲ್ಲಿದ್ದರೆ ಲಾರಿಯನ್ನು ಗೊತ್ತುಮಾಡುವುದೂ, ವ್ಯಾಪಾರಿಯೊಡನೆ ಧಾರಣೆ ಮಾತನಾಡುವುದೂ ಸುಲಭವಾಗುವುದು. ಹೆಚ್ಚಿನ ವಿವರಗಳನ್ನು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಕೇಳಿ ತಿಳಿಯಬಹುದು.