ಬೋಲ್ಟು ಹಿಡಿದರೆ ಸಾಲದು

ಎತ್ತರದಲ್ಲಿ ದುಡಿಯುವವರು ಸುರಕ್ಷೆಗಾಗಿ ಹುಕ್ ಹಾಕುವ, ಕಾರ್ಖಾನೆಯ ಚಾವಣಿ ಮೇಲಿನ ಆಂಕರ್‌ಗಳನ್ನು ವರ್ಷಕ್ಕೊಮ್ಮೆ ಯಂತ್ರ ಹಚ್ಚಿ ಎಳೆದು ನೋಡಿ, ಹಸಿರು ಟ್ಯಾಗ್ ಕಟ್ಟಿ, ಸರ್ಟಿಫಿಕೇಟಿಗೆ ಸಹಿ ಹಾಕಿ ಹೋಗುವುದನ್ನೇ ನಮ್ಮಲ್ಲಿ ತಪಾಸಣೆ ಎನ್ನುತ್ತಾರೆ. ಆ ಕಾಗದ ಫೈಲಿಗೆ ಸೇರಿದ ಮೇಲೆ ಮ್ಯಾನೇಜರ್ ನಿಶ್ಚಿಂತ, ಸೇಫ್ಟಿ ಆಫೀಸರ್ ನಿಶ್ಚಿಂತ, ಮೇಲೆ ಹತ್ತುವ ಹುಡುಗನೂ ನಿಶ್ಚಿಂತ. ತಪಾಸಣೆಯ ಈ ಕಸುಬು ನನಗೆ ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ಬೋಲ್ಟು ಆ ಹೊತ್ತು ಕಿತ್ತು ಬರಲಿಲ್ಲ ಎಂದಷ್ಟೇ ಹೀಗೆ ಎಳೆದು ನೋಡುವ ಪುಲ್ ಟೆಸ್ಟ್ ಹೇಳುತ್ತದೆ. ಬಿದ್ದವನು ಬದುಕುತ್ತಾನೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಮೈಗೆ ತೊಟ್ಟ ಹಾರ್ನೆಸ್ಸಿನ ಬೆನ್ನ ಮೇಲಿನ ಡಿ-ರಿಂಗಿನಿಂದ ಕಟ್ಟಡದ ಕಂಬದವರೆಗೆ ಬಲ ಸಾಗುವ ಇಡೀ ದಾರಿಯನ್ನೂ, ಬೀಳುವವನ ಕಾಲ ಕೆಳಗೆ ಉಳಿದಿರುವ ಜಾಗವನ್ನೂ ಲೆಕ್ಕ ಹಾಕದೆ ಕೊಟ್ಟ ಸರ್ಟಿಫಿಕೇಟು ಅಪೂರ್ಣ. ಅಪೂರ್ಣವಷ್ಟೇ ಅಲ್ಲ, ಅಪಾಯಕಾರಿಯೂ ಹೌದು.

ಬೀಳುವ ಕ್ಷಣವನ್ನು ಬಿಡಿಸಿ ನೋಡೋಣ. ಕಾರ್ಖಾನೆ ಶೆಡ್ಡಿನ ಆಸ್ಬೆಸ್ಟಾಸ್ ಸಿಮೆಂಟ್ (ಎಸಿ) ಶೀಟಿನ ಮೇಲೆ ನಿಂತವನೊಬ್ಬ, ಪಾದದ ಮಟ್ಟದಲ್ಲಿರುವ ಆಂಕರಿಗೆ ಹಾರ್ನೆಸ್ಸಿಗೆ ಕಟ್ಟಿದ 1.8 ಮೀಟರ್ ಹಗ್ಗದ, ಅಂದರೆ ಲ್ಯಾನ್ಯಾರ್ಡಿನ, ಹುಕ್ ಹಾಕಿದ್ದಾನೆ. ಬಿಸಿಲು ಮಳೆಗೆ ಹಳತಾದ ಶೀಟು ಮುರಿಯುತ್ತದೆ. ಅವನ ಬೆನ್ನಿನ ಡಿ-ರಿಂಗ್ ಆಂಕರಿಗಿಂತ ಸುಮಾರು 1.5 ಮೀಟರ್ ಮೇಲಿತ್ತು. ಮೊದಲು ಅಷ್ಟು ದೂರ ಇಳಿಯಬೇಕು, ಆಮೇಲೆ ಲ್ಯಾನ್ಯಾರ್ಡಿನ ಉದ್ದ. ಅಂದರೆ 3.3 ಮೀಟರ್ ಯಾವ ತಡೆಯೂ ಇಲ್ಲದ ಪತನ. ಅಮೆರಿಕದ ನಿಯಮ ಒಪ್ಪುವುದು 1.8 ಮೀಟರ್ ಮಾತ್ರ. ಇದೆಲ್ಲ ಮುಗಿಯಲು ಬೇಕಾದದ್ದು ಸುಮಾರು 0.8 ಸೆಕೆಂಡು. ಕೈ ಚಾಚಿ ಏನನ್ನಾದರೂ ಹಿಡಿಯೋಣ ಎಂದು ಮನಸ್ಸಿಗೆ ಹೊಳೆಯುವ ಮೊದಲೇ ಮೈ ಗಂಟೆಗೆ 29 ಕಿಲೋಮೀಟರ್ ವೇಗದಲ್ಲಿರುತ್ತದೆ. ಆಗ ಲ್ಯಾನ್ಯಾರ್ಡ್ ಬಿಗಿಯುತ್ತದೆ, ಶಾಕ್ ಅಬ್ಸಾರ್ಬರಿನ ಹೊಲಿಗೆ ಒಂದೊಂದಾಗಿ ಹರಿದು ಬಿಚ್ಚಿಕೊಳ್ಳುತ್ತದೆ. ಯುರೋಪಿನ ಇಎನ್ 355 ಮಾನದಂಡದ ಪ್ರಕಾರ ಅದು ಮೈ ಮೇಲಿನ ಬಲವನ್ನು 6 ಕಿಲೋನ್ಯೂಟನ್ ಒಳಗೆ, ಅಂದರೆ ಸುಮಾರು 600 ಕಿಲೋ ತೂಕದೊಳಗೆ ಹಿಡಿದಿಡಬೇಕು, ಅದಕ್ಕಾಗಿ 1.75 ಮೀಟರ್‌ವರೆಗೂ ಉದ್ದವಾಗಬಹುದು. ಈಗ ಆಂಕರಿನಿಂದ ಕೆಳಕ್ಕೆ ಕೂಡಿಸಿ: 1.8, 1.75, ಡಿ-ರಿಂಗಿನಿಂದ ಪಾದದವರೆಗಿನ 1.5. ಐದು ಮೀಟರ್ ದಾಟಿತು. ಹಾರ್ನೆಸ್ ಎಳೆದುಕೊಳ್ಳುವುದಕ್ಕೂ ಕಾಲ ಕೆಳಗಿನ ಅಂತರಕ್ಕೂ ಇನ್ನೊಂದು ಮೀಟರ್ ಬಿಟ್ಟರೆ ಆರು. ಶೆಡ್ಡಿನ ಎತ್ತರ ಐದೇ ಮೀಟರ್ ಇದ್ದರೆ, ಅಥವಾ ಕೆಳಗೊಂದು ಯಂತ್ರವೋ ರ‍್ಯಾಕೋ ನಿಂತಿದ್ದರೆ, ಆಂಕರ್ ಒಂದು ಕೂದಲೆಳೆಯಷ್ಟೂ ಅಲುಗಾಡದೆ ಹಿಡಿದಿರುವಾಗಲೇ ಅವನು ನೆಲಕ್ಕೆ ಅಪ್ಪಳಿಸುತ್ತಾನೆ. ಅಪ್ಪಳಿಸದೆ ಗಾಳಿಯಲ್ಲಿ ನೇತಾಡಿದನೆಂದರೂ ಕಥೆ ಮುಗಿಯಲಿಲ್ಲ. ತೊಡೆಯ ಪಟ್ಟಿಗಳು ಬಿಗಿದು, ಕಾಲಿಗಿಳಿದ ರಕ್ತ ಹೃದಯಕ್ಕೆ ಮರಳುವುದು ಕಷ್ಟವಾಗುತ್ತದೆ. ನಿಮಿಷಗಳಲ್ಲಿ ಅವನನ್ನು ಇಳಿಸಿಕೊಳ್ಳಬೇಕು. ಎಷ್ಟು ಸರ್ಟಿಫಿಕೇಟುಗಳಲ್ಲಿ ಈ ಅಂತರದ ಲೆಕ್ಕವಿದೆ, ಇಳಿಸುವವರು ಯಾರು ಎಂಬ ಸಾಲಿದೆ?

ಎರಡು ಆಂಕರ್‌ಗಳ ನಡುವೆ ಅಡ್ಡಲಾಗಿ ಕಟ್ಟಿದ ಲೈಫ್‌ಲೈನಿನ ವಿಷಯದಲ್ಲಂತೂ ತಪ್ಪು ತಿಳುವಳಿಕೆ ಇನ್ನೂ ಆಳವಾಗಿದೆ. ವೈರ್ ರೋಪ್ ಎಷ್ಟು ಬಿಗಿಯಾಗಿದ್ದರೆ ಅಷ್ಟು ಭದ್ರ ಎಂದುಕೊಂಡು ಟರ್ನ್‌ಬಕಲ್ ತಿರುಗಿಸುತ್ತಲೇ ಹೋಗುತ್ತಾರೆ. ಬಟ್ಟೆ ಒಣಹಾಕುವ ಹಗ್ಗವನ್ನು ಬಿಗಿದು ಕಟ್ಟಿ ನಡುವೆ ಒದ್ದೆ ಕಂಬಳಿ ಹಾಕಿದರೆ ಗೋಡೆಯ ಮೊಳೆ ಏಕೆ ಕಿತ್ತು ಬರುತ್ತದೋ ಇಲ್ಲಿಯೂ ಅದೇ ಲೆಕ್ಕ. ನಡುವೆ 6 ಕಿಲೋನ್ಯೂಟನ್ ಬಿದ್ದು ರೋಪು 10 ಡಿಗ್ರಿಯಷ್ಟು ಮಾತ್ರ ಬಾಗಿದರೆ ತುದಿಯ ಆಂಕರಿನ ಮೇಲೆ ಬೀಳುವುದು 17 ಕಿಲೋನ್ಯೂಟನ್. ಬಾಗುವುದು 5 ಡಿಗ್ರಿ ಮಾತ್ರ ಎಂದಾದರೆ 34. ಅದು 8 ಮಿಲಿಮೀಟರ್ ರೋಪು ಹರಿಯುವ ಮಿತಿಗೆ ಹತ್ತಿರದ ಬಲ. ಇಂಥ ತುದಿಯ ಆಂಕರನ್ನು 6 ಕಿಲೋನ್ಯೂಟನ್‌ನಲ್ಲಿ ಎಳೆದು ಪಾಸ್ ಎಂದು ಬರೆದರೆ ಆ ಬರಹಕ್ಕೆ ಏನು ಅರ್ಥ? ಎಳೆದ ದಿಕ್ಕೂ ಬೇರೆ, ಬಲವೂ ಬೇರೆ. ಲೈನಿನಲ್ಲಿ ಅಬ್ಸಾರ್ಬರ್ ಇದೆಯೇ, ಒಂದು ಸಲಕ್ಕೆ ಎಷ್ಟು ಜನ ಹುಕ್ ಹಾಕಬಹುದು, ಕ್ಲಾಂಪಿನ ಯು-ಬೋಲ್ಟು ಭಾರ ಹೊರುವ ರೋಪಿನ ಮೇಲೆ ತಿರುವುಮುರುವಾಗಿ ಕೂತು ಅದನ್ನೇ ಜಜ್ಜುತ್ತಿದೆಯೇ ಎಂಬುದನ್ನೆಲ್ಲ ಕಣ್ಣಿಟ್ಟು ನೋಡುವವನೇ ತಪಾಸಣೆ ಮಾಡಿದವನು.

ಪುಲ್ ಟೆಸ್ಟನ್ನು ನಂಬುವವರು ಒಂದು ಮಾತು ಹೇಳುತ್ತಾರೆ: ಎಳೆದಾಗ ಬರಲಿಲ್ಲ, ಇನ್ನೇನು ಬೇಕು? ಅಮೆರಿಕದ ಬಾಸ್ಟನ್ ಇದಕ್ಕೆ ಉತ್ತರ ಕೊಟ್ಟಿದೆ. 2006ರ ಜುಲೈ 10ರಂದು ಅಲ್ಲಿನ ಸುರಂಗ ರಸ್ತೆಯ ಕಾಂಕ್ರೀಟ್ ಚಾವಣಿ ಹಲಗೆಗಳು ಕಾರೊಂದರ ಮೇಲೆ ಕುಸಿದು ಒಬ್ಬ ಮಹಿಳೆ ಸತ್ತರು. ಹಲಗೆಗಳನ್ನು ಹಿಡಿದಿದ್ದದ್ದು ಎಪಾಕ್ಸಿ ಅಂಟಿನ ಆಂಕರ್‌ಗಳು. ಕೂರಿಸಿದಾಗ ಅವನ್ನು ಎಳೆದು ಪರೀಕ್ಷಿಸಲಾಗಿತ್ತು. ಬೇಗ ಗಟ್ಟಿಯಾಗುವ ಆ ಅಂಟು ಸದಾ ಇರುವ ಭಾರಕ್ಕೆ ನಿಧಾನವಾಗಿ ಸರಿಯುತ್ತದೆ ಎಂದು ತನಿಖೆ ತಿಳಿಸಿತು. 1999ರಲ್ಲೇ ಕೆಲವು ಆಂಕರ್‌ಗಳು ಜಾರಿದ್ದು ಕಂಡಿತ್ತು. ಅವನ್ನು ಬದಲಿಸಿ, ಮತ್ತೆ ಎಳೆದು ನೋಡಿ, ಸರಿ ಎಂದರು. ಬೀಳುವವರನ್ನು ತಡೆಯುವ ಆಂಕರಿನ ಮೇಲೆ ಸದಾ ಭಾರ ಇರುವುದಿಲ್ಲವಲ್ಲ ಎಂದು ಕೇಳಬಹುದು. ಒಂಟಿ ಐ-ಬೋಲ್ಟಿಗೆ ಆ ಮಾತು ನಿಜ. ಆದರೆ ಬಿಗಿದ ಲೈಫ್‌ಲೈನಿನ ತುದಿಯ ಆಂಕರನ್ನು ರೋಪು ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಎಂದೂ ಧೈರ್ಯ ತಾಳುವಂತಿಲ್ಲ. 1985ರಲ್ಲಿ ಸ್ವಿಟ್ಜರ್ಲೆಂಡಿನ ಊಸ್ಟರ್‌ನಲ್ಲಿ ಒಳಾಂಗಣ ಈಜುಕೊಳದ ಚಾವಣಿ ಬಿದ್ದು 12 ಜನ ಸತ್ತದ್ದು ಸ್ಟೇನ್‌ಲೆಸ್ ಸ್ಟೀಲಿನ ಸಲಾಕೆಗಳು ಕ್ಲೋರೈಡಿನಿಂದ ಒಳಗೊಳಗೇ ಬಿರುಕುಬಿಟ್ಟದ್ದರಿಂದ.

ಇನ್ನು ಕಾನೂನು. 1948ರ ಕಾರ್ಖಾನೆ ಕಾಯ್ದೆ ಲಿಫ್ಟನ್ನು ಆರು ತಿಂಗಳಿಗೊಮ್ಮೆ, ಕ್ರೇನು ಮತ್ತು ಸರಪಳಿಗಳನ್ನು ವರ್ಷಕ್ಕೊಮ್ಮೆ ಸಮರ್ಥ ವ್ಯಕ್ತಿಯಿಂದ ಕೂಲಂಕಷವಾಗಿ ಪರೀಕ್ಷಿಸಿ ದಾಖಲಿಸಲು ಹೇಳಿತು. ಎತ್ತರದಲ್ಲಿ ದುಡಿಯುವವನ ಬಗ್ಗೆ ಅದರ 32ನೇ ಸೆಕ್ಷನ್ ಹೇಳಿದ್ದು, ಸಾಧ್ಯವಿರುವ ಮಟ್ಟಿಗೆ ಬೇಲಿಯಿಂದಲೋ ಬೇರೆ ರೀತಿಯಿಂದಲೋ ಅವನನ್ನು ಕಾಪಾಡಿ ಎಂದಷ್ಟೇ. ಸರಕು ಎತ್ತುವ ಸರಪಳಿಗೆ ಸಿಕ್ಕ ಶಿಸ್ತು ಮನುಷ್ಯನನ್ನು ಹಿಡಿಯುವ ಬೋಲ್ಟಿಗೆ ಸಿಗಲಿಲ್ಲ. ಆ ಖಾಲಿ ಜಾಗದಲ್ಲಿ ಆಂಕರ್ ಮಾರುವವನೇ ಕೂರಿಸುವವನಾದ, ಕೂರಿಸಿದವನೇ ಪ್ರಮಾಣಿಸುವವನಾದ. ಮೇಲೆ ಹತ್ತದೆ ಫೋಟೊ ನೋಡಿ ಸಹಿ ಹಾಕುವ ಎಂಜಿನಿಯರುಗಳನ್ನು ನಾನು ಕ್ಷಮಿಸಲಾರೆ. ಕಡಿಮೆ ದರ ಹೇಳಿದವನನ್ನೇ ಕರೆದು, ಅವನಿಂದ ಫೇಲ್ ಎಂಬ ವರದಿ ಬಂದರೆ ಮುಂದಿನ ವರ್ಷ ಅವನನ್ನೇ ಬಿಡುವ ಆಡಳಿತದವರ ತಪ್ಪು ಇದಕ್ಕಿಂತ ದೊಡ್ಡದು.

ಇಷ್ಟು ಬಿಗಿ ಮಾಡಿದರೆ ಮಾಲೀಕರು ಆಂಕರ್ ಹಾಕಿಸುವುದನ್ನೇ ಬಿಡುತ್ತಾರೆ, ಹುಡುಗರು ಪೈಪಿಗೋ ಟರ್ಬೋ ವೆಂಟಿಲೇಟರಿಗೋ ಹುಕ್ ಹಾಕುತ್ತಾರೆ ಎಂಬುದು ಬಲವಾದ ಆಕ್ಷೇಪ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಣ್ಣ ಕಾರ್ಖಾನೆಗಳಲ್ಲಿ ಇಂದಿಗೂ ನಡೆಯುವುದು ಅದೇ. ಆದರೆ ಪೈಪಿಗೆ ಹುಕ್ ಹಾಕಿದವನಿಗೆ ಒಳಗೊಂದು ಅಳುಕಿರುತ್ತದೆ, ಹೆಜ್ಜೆ ನೋಡಿ ಇಡುತ್ತಾನೆ. ಹಸಿರು ಟ್ಯಾಗ್ ಆ ಅಳುಕನ್ನು ಅಳಿಸಿಬಿಡುತ್ತದೆ. ಅಳುಕು ತೆಗೆಯುವ ಹಕ್ಕು ಬೇಕೆಂದರೆ ಲೆಕ್ಕದ ಹೊಣೆಯೂ ಹೊರಬೇಕು. ಖರ್ಚಿನ ಮಾತಿಗೆ ಬಂದರೆ, ವರ್ಷಕ್ಕೊಮ್ಮೆ ಏರುವ ಜಾಗಕ್ಕೆ ಲೈಫ್‌ಲೈನ್ ಏಕೆ? ಅಂಚಿಗೆ ರೇಲಿಂಗ್ ಹಾಕಿ, ಶೀಟಿನ ಮೇಲೆ ನಡೆಯಲು ಹಲಗೆ ದಾರಿ ಮಾಡಿ, ಕೆಳಗೆ ಬಲೆ ಕಟ್ಟಿ. ಕೆಲಸವನ್ನೇ ನೆಲದಲ್ಲಿ ಮುಗಿಸಲು ಸಾಧ್ಯವಾದರೆ ಇನ್ನೂ ಮೇಲು.

ತಪಾಸಣೆ ಮಾಡಿಸುವವರಿಗೆ ಹೇಳುವುದು ಇಷ್ಟು. ಬಂದವನಿಗೆ ಮೊದಲು ಆಂಕರ್ ಕೂರಿಸಿದ ದಿನದ ದಾಖಲೆ ತೋರಿಸಿ: ರಂಧ್ರದ ಆಳ, ಧೂಳು ಊದಿ ಬ್ರಷ್ ಮಾಡಿದ್ದರ ಫೋಟೊ, ಅಂಟಿನ ಹೆಸರು, ಗಟ್ಟಿಯಾಗಲು ಬಿಟ್ಟ ಸಮಯ. ಅಂಟಿನಿಂದ ಕೂರಿಸಿದ ಕೆಮಿಕಲ್ ಆಂಕರಿನ ಒಳಗು ಆಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಆಂಕರಿನ ಯುರೋಪಿಯನ್ ಮಾನದಂಡ ಇಎನ್ 795ರ ಪ್ರಕಾರ ತಯಾರಕರು ಕೊಡುವ ಕಾಗದ ಪ್ರಯೋಗಾಲಯದ ಫಲಿತಾಂಶ. ನಿಮ್ಮ ಸಾಲಿಡ್ ಬ್ಲಾಕ್ ಪ್ಯಾರಾಪೆಟ್‌ಗೂ ಶೀಟು ಹೊತ್ತ ತೆಳು ತಗಡಿನ ಪರ್ಲಿನ್‌ಗೂ ಅದು ಅನ್ವಯಿಸುವುದಿಲ್ಲ, ಅವಕ್ಕೆ ಸ್ಟ್ರಕ್ಚರಲ್ ಎಂಜಿನಿಯರನ ಲೆಕ್ಕ ಬೇರೆಯೇ ಬೇಕು. ಕೂರಿಸಿದವನನ್ನೇ ತಪಾಸಣೆಗೆ ಕರೆಯಬೇಡಿ. ಒಬ್ಬ ಬಿದ್ದ ಲೈನನ್ನು ಪೂರ್ತಿ ಪರೀಕ್ಷೆ ಆಗುವ ತನಕ ಯಾರೂ ಬಳಸಕೂಡದು. ಫೇಲ್ ಆದ ಆಂಕರಿಗೆ ಕೆಂಪು ಟ್ಯಾಗ್ ಕಟ್ಟಿ ಬಿಟ್ಟರೆ ಮಳೆಗಾಲದಲ್ಲಿ ಟ್ಯಾಗ್ ಉದುರುತ್ತದೆ, ಐ-ಬೋಲ್ಟು ಉಳಿಯುತ್ತದೆ. ಅದನ್ನು ಅದೇ ದಿನ ಗ್ರೈಂಡರ್ ಹಿಡಿದು ಕತ್ತರಿಸಿ.